ಕಳ್ಳಗಾಳಿ

ಸುಂಟಿಕೊಪ್ಪದಲ್ಲಿ, ಮಾದಾಪುರದ ರಸ್ತೆ ಕವಲೊಡೆಯುವಲ್ಲಿ
ಮೊಯ್ದು ಅವರ ಶೆಡ್ಡು. ಬೋರ್ಡಿಲ್ಲ.
ಮೊಳೆಗೆ ತೂಗಿಬಿಟ್ಟ ಸುಟ್ಟ ಗ್ಯಾಸ್ಕೆಟ್ಟುಗಳೇ ಗುರುತು.

ಪಶುವೈದ್ಯೆ ಪೂವಮ್ಮನವರ ಜಿಪ್ಸಿ ಬಂದಿದೆ.
ನಿಂತಲ್ಲೇ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ,
ಯಾರೂ ಆಕ್ಸಿಲರೇಟರ್ ತುಳಿಯದೆ.
"ಕರು ಅಡ್ಡ ಸಿಕ್ಕಿದೆ ಅಂತ ರಾತ್ರಿ ಎರಡಕ್ಕೆ ಫೋನು.
ಗರಗಂದೂರಿನ ತಿರುವಲ್ಲಿ ಇದು ಆಫ್.
ಆ ಹಸುವಿಗೆ ನಾನೇನು ಹೇಳಲಿ ಮೊಯ್ದು?"

ಮೊಯ್ದು ಬಾನೆಟ್ ಎತ್ತಿದರು. ಐರಿನ್, ಬಾ ಇಲ್ಲಿ.

ಇಂಜಿನ್ನು ಗಾಳಿ ಕುಡಿಯುತ್ತದೆ ಅನ್ನುತ್ತಾರಲ್ಲ, ಅದು ಸುಳ್ಳು.
ಪಿಸ್ಟನ್ನು ಕೆಳಗಿಳಿದು ಜಾಗ ಖಾಲಿ ಮಾಡಿಕೊಡುತ್ತದೆ, ಅಷ್ಟೆ.
ನುಗ್ಗುವುದು ಹೊರಗಿನ ಗಾಳಿ,
ಮೇಲಿನ ಆಕಾಶದ ಭಾರವೆಲ್ಲ ಬೆನ್ನಿಗೆ ಬಿದ್ದು
ಬಸ್ಸಿನ ಬಾಗಿಲಲ್ಲಿ ಹಿಂದಿನವರು ದೂಡಿದ ಹಾಗೆ.
ಮಂಗಳೂರಲ್ಲಿ, ಸಮುದ್ರದ ಮಗ್ಗುಲಲ್ಲಿ,
ವ್ಯಾಕ್ಯೂಮ್ ಗೇಜಿನ ಮುಳ್ಳು ಇಪ್ಪತ್ತು ಮುಟ್ಟುತ್ತದೆ.
ನಮ್ಮಲ್ಲಿ ಹದಿನೇಳು.
"ಘಟ್ಟ ಹತ್ತಿದ ಗಾಳಿ ತೆಳು. ಅದನ್ನ ಕಾಯಿಲೆ ಅಂತ ತಿಳೀಬೇಡ."

ಮೊದಲು ಒಂದು ಬಾಗಿಲು, ದುಂಡು ತಗಡು, ಸುಮ್ಮನಿರುವಾಗ ಕೂದಲೆಳೆಯಷ್ಟೇ ಸಂದು.
ದಾಟಿದರೆ ಹಜಾರ.
ಹಜಾರದಿಂದ ನಾಲ್ಕು ಓಣಿ, ಒಂದೇ ಉದ್ದ, ಒಂದೇ ಬಾಗು,
ಕೊನೆಗೆ ನಾಲ್ಕು ಹಸಿದ ಮನೆ.
ಒಂದು, ಮೂರು, ನಾಲ್ಕು, ಎರಡು,
ಈ ಸರದಿಯಲ್ಲಿ ಕದ ತೆರೆಯುತ್ತವೆ. ಪಂಕ್ತಿಭೇದ ಕೂಡದು.
ತಡವಾಗಿ ಬಂದ ಗಾಳಿ ಮುಚ್ಚಿದ ಕದಕ್ಕೆ ಬಡಿದು
ಹಿಂದೆ ಸರಿದು, ಹಜಾರದಲ್ಲಿ ಹೊರಳಿ
ಮತ್ತೆ ಬರುವಷ್ಟರಲ್ಲಿ ಕದ ತೆರೆದಿರಬೇಕು.
ಓಣಿಯ ಉದ್ದ ಅಳೆದವನು
ಆ ಹೊತ್ತನ್ನೂ ಅಳೆದಿದ್ದಾನೆ.

ಹೂಮಳೆ ಬಿದ್ದು ಒಂಬತ್ತನೆಯ ದಿನ ಅವತ್ತು.
ರಸ್ತೆಯಾಚೆ ತೋಟವಿಡೀ ಬೆಳ್ಳಗೆ.
ಫಿಲ್ಟರು ಧೂಳು ಹಿಡಿಯುತ್ತದೆ, ಜೇನುನೊಣದ ರೆಕ್ಕೆ ಹಿಡಿಯುತ್ತದೆ,
ಘಮಲು ಹಿಡಿಯುವುದಿಲ್ಲ.
ಅದೂ ಹೋಗಿ ಉರಿಯುತ್ತದೆ ಒಳಗೆ.
ಇಂಜಿನ್ನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಹದಿನಾಲ್ಕು ಚಿಲ್ಲರೆ ತೂಕ ಗಾಳಿಗೆ ಒಂದು ತೂಕ ಪೆಟ್ರೋಲು.
ಪೆಟ್ರೋಲಿಗೆ ಬಿಲ್ಲಿದೆ, ಗಾಳಿಯನ್ನು ಯಾರೂ ನೆನೆಯುವುದಿಲ್ಲ,
ಅದು ಹಿತ್ತಿಲ ಸಂದಿಯಿಂದ ನುಗ್ಗುವವರೆಗೆ.
ಬಾಗಿಲಿಗೆ ಹೇಳದೆ, ಲೆಕ್ಕಕ್ಕೆ ಸಿಗದೆ.
ಮೊಯ್ದು ಅದನ್ನು ಕಳ್ಳಗಾಳಿ ಅನ್ನುತ್ತಾರೆ.

ಕಳ್ಳನನ್ನು ಹಿಡಿಯಲು ಮೂರಡಿ ರಬ್ಬರ್ ಪೈಪು.
ಒಂದು ತುದಿ ಬಲಗಿವಿಗೆ, ಇನ್ನೊಂದು ಓಣಿಗಳ ಬುಡದ ಬೆಸುಗೆಗೆ.
ಒಂದು. ಎರಡು. ಮೂರು. ನಾಲ್ಕು.
ತಲೆಯಾಡಿಸಿದರು.
ಎಡಗಿವಿಗೆ ಬದಲಿಸಿದರು. ಮತ್ತೆ ಒಂದರಿಂದ.
ಫ್ಯಾನು ಜೋರು ಅಂದರು. ಲಾರಿ ಹೋಗಲಿ ಅಂದರು.
ಲಾರಿ ಹೋಯಿತು.
ಆಮೇಲೆ ಅಂಗಿಯ ತುದಿಯಿಂದ ಪೈಪಿನ ಬಾಯಿ ಒರೆಸಿ
ನನ್ನ ಕೈಗೆ ಕೊಟ್ಟರು.

ಮೂರನೆಯದರ ಕೆಳಗೆ, ನಟ್ಟಿನ ಹಿಂದೆ:
ಸ್ಸ್ಸ್…
ತುಂಬಿದ ಸಭೆಯಲ್ಲಿ ಯಾರೋ
ನನ್ನೊಬ್ಬಳನ್ನೇ ಕರೆದ ಹಾಗೆ.
"ಇಲ್ಲಿ," ಅಂದೆ.
ಮೊಯ್ದು ಇಂಜಿನ್ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದರು.
ಎಷ್ಟು ದಿನದಿಂದ ಎಂದು ನಾನು ಕೇಳಲಿಲ್ಲ.
ಟೀ ಹೇಳು ಅಂದರು, ಇಂಜಿನ್ ಆರಲಿ.

ಕುಶಾಲನಗರದಲ್ಲಿ ಯಾರೋ ತುದಿಯಿಂದ ಬಿಗಿದಿದ್ದರು,
ಸಿಟ್ಟಿನಲ್ಲಿ ಬಿಗಿದ ಹಾಗೆ. ಅಲ್ಯೂಮಿನಿಯಂ ಸೊಟ್ಟಗಾಗಿ
ನಡು ಉಸಿರು ಬಿಟ್ಟಿತ್ತು.
ಉಜ್ಜಿ ಸಮ ಮಾಡಿ, ಹೊಸ ಗ್ಯಾಸ್ಕೆಟ್ ಇಟ್ಟು
ನಡುವಿನಿಂದ ಶುರು ಮಾಡಿದೆ,
ಒಂದು ಸುತ್ತು ಈ ಕಡೆ, ಒಂದು ಸುತ್ತು ಆ ಕಡೆ,
ಮೂರು ಸಲಕ್ಕೆ ಪೂರ್ತಿ. ಸ್ಪ್ಯಾನರು ನನ್ನದು,
ಲೆಕ್ಕ ಹೇಳುವ ಬಾಯಿ ಅವರದು.

ಸಂಜೆ ಆರಕ್ಕೆ ಚಾವಿ ತಿರುಗಿಸಿದಾಗ
ಮೊಯ್ದು ಹಜಾರದ ಮೇಲೆ ಅಂಗೈ ಊರಿ ನಿಂತಿದ್ದರು,
ಕಣ್ಣು ಮುಚ್ಚಿ.
"ಸರಿಯಾಯ್ತಾ?" ಪೂವಮ್ಮ ಕೇಳಿದ್ದು ಅವರನ್ನು.
ಅವರು ನನ್ನತ್ತ ತಿರುಗಿದರು.
ಮುಳ್ಳು ಅಲುಗದೆ ನಿಂತಿತ್ತು.

"ಹದಿನೇಳು," ಅಂದೆ, ಸ್ವಲ್ಪ ಜೋರಾಗಿಯೇ.